ಗೃಹಸ್ಥನ ಕೈಗೆ ಕರಣೆ

ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂದು ಹಿರಿಯರು ಹೇಳಿದ್ದಾರೆ. ಕಳೆದ ಸಂಕ್ರಮಣದ ಸಂಜೆ ಬೆಳಗಾವಿಯ ಟಿಳಕವಾಡಿಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ನಾವು ನಾಲ್ಕೈದು ಮಂದಿ ನಿವೃತ್ತರು ಕೂಡಿ ಅದನ್ನು ತಿಂದೆವು. ಮಾತು ಮಾತ್ರ ಒಳ್ಳೆಯದಾಗಲಿಲ್ಲ. ಆ ಮನೆಯ ಯಜಮಾನರು ನನ್ನ ಅಂಗೈಯಲ್ಲಿ ಕುಸುರೆಳ್ಳು ಹಾಕಹೋದವರು ಹಾಗೆಯೆ ತಡೆದು ನಿಂತರು. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ಉಗುರಿನ ಬುಡದಲ್ಲೆಲ್ಲ ಬಿಳುಪು ಕಚ್ಚಿಕೊಂಡಿತ್ತು. “ಇದೇನ್ರೀ ಮಾಸ್ತರ, ಡಾಕ್ಟರಿಗೆ ತೋರಿಸಿದಿರೋ ಇಲ್ಲವೋ?” ಎಂದರು. ರೋಗವಲ್ಲ, ಸುಣ್ಣ, ಗುಂಜಿಯ ನಮ್ಮ ಹಳೆಯ ಮನೆಯ ಗೋಡೆಗಳಿಗೆ ನಾನೇ ಗಿಲಾವು ಮಾಡುತ್ತಿದ್ದೇನೆ ಎಂದೆ.

ಮೊದಲು ನಗೆ, ನಗೆ ಇಳಿದ ಮೇಲೆ ಉಪದೇಶ. ಪೆನ್ಶನ್ ಸಾಲದಾಯಿತೇ ಎಂದರೊಬ್ಬರು. ಕೂಲಿಯವರ ಪಾಲಿನ ಕೆಲಸವನ್ನು ಕಸಿದುಕೊಂಡು ಅದಕ್ಕೆ ಆದರ್ಶವೆಂದು ಹೆಸರಿಡಬೇಡಿರೆಂದು ಇನ್ನೊಬ್ಬರು ಗಂಭೀರವಾಗಿಯೆ ಹೇಳಿದರು. ಇಡೀ ಆಯುಷ್ಯ ಕಟ್ಟಡಗಳ ಲೆಕ್ಕ ಬರೆದ ನಿವೃತ್ತ ಎಂಜಿನಿಯರರು, “ಆ ಮಣ್ಣಿನ ಗೋಡೆಗೆ ಏನು ಬಳಿದರೇನು? ಕೆಡವಿರಿ, ಸ್ಲ್ಯಾಬ್ ಹಾಕಿಸಿರಿ” ಎಂದು ತೀರ್ಪನ್ನೇ ಕೊಟ್ಟುಬಿಟ್ಟರು. ನಾಲ್ಕನೆಯವರು ಏನನ್ನೂ ಅನ್ನದೆ ನನ್ನ ಕೈಯನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿದ್ದದ್ದು ಮರುಕ. ಮೂರೂ ಮಾತುಗಳಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಬಾಯಿ ತುಂಬ ಎಳ್ಳಿದ್ದುದರಿಂದ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತಿದ್ದೇನೆ. ಆ ಮಿತ್ರರಿಗಷ್ಟೇ ಆದರೆ ಒಂದು ಪತ್ರ ಸಾಕಿತ್ತು. ಆದರೆ ಅವರು ಆಡಿದ ಮಾತು ಅವರೊಬ್ಬರದಲ್ಲ. ನಮ್ಮ ಕಡೆ ಪಾಂಢರಪೇಶೆ ಎಂದು ಕರೆಯುತ್ತಿದ್ದ ಜನ, ಎಂದರೆ ಬಿಳಿಯ ಬಟ್ಟೆ ತೊಟ್ಟು ಬರೆದು ಬದುಕುವ ನಾವೆಲ್ಲ, ನೂರು ವರ್ಷಗಳಿಂದ ಆಡುತ್ತ ಬಂದ ಮಾತು ಅದು.

ಮೊದಲು ಮನೆಯ ಸಂಗತಿ ಹೇಳುತ್ತೇನೆ. ಖಾನಾಪುರ ದಾಟಿ ಲೋಂಡಾದ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಗುಂಜಿ ಎಂಬ ಸ್ಟೇಶನ್ ಇದೆ. ಎಕ್ಸ್‌ಪ್ರೆಸ್ ಗಾಡಿಯ ಕಿಟಕಿಯಲ್ಲಿ ಕುಳಿತವರು ಹೆಸರಿನ ಹಲಗೆಯನ್ನು ಓದುವಷ್ಟರಲ್ಲಿ ಅದು ಹಿಂದೆ ಸರಿದಿರುತ್ತದೆ. ಮಾವುಲಿ ದೇವಿಯ ಗುಡಿಯಿಂದಾಗಿ ಸುತ್ತಲಿನ ಹಳ್ಳಿಗಳಿಗೆ ಅದು ದೊಡ್ಡ ಊರು. ಬೆಳಗಾವಿಯವರಿಗೆ ಗೋವಾಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಅನೇಕ ಹೆಸರುಗಳಲ್ಲಿ ಒಂದು. ಸಹ್ಯಾದ್ರಿಯ ಸೆರಗು, ಭತ್ತದ ಗದ್ದೆ, ಮರಾಠಿ ಕೊಂಕಣಿ ಕನ್ನಡ ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಹರಟುವ ಊರು. ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಗೋಡೆಗೆ ಬಿಸಿಲಿನ ಮುಖವಿಲ್ಲ. ಅಲ್ಲಿ ನಮ್ಮ ಅಜ್ಜನ ಕಾಲದ ಮನೆ: ಜಂಬಿಟ್ಟಿಗೆಯ ಕಲ್ಲು, ಸಂದಿಗೆ ಮಣ್ಣಿನ ಕೆಸರು, ಮೇಲೆ ಖಾನಾಪುರದ ಹಂಚು.

ಜಂಬಿಟ್ಟಿಗೆಯ ಹೆಸರು ಬಂದಿತೆಂದು ಒಂದು ಮಾತು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲಂಡಿನ ವೈದ್ಯ 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರಗಳನ್ನೆಲ್ಲ ಸುತ್ತಿ ಬಂದನು. ನೆಲದಿಂದ ಮೆತ್ತಗೆ ಕಡಿದು ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕೆಂಪು ಕಲ್ಲನ್ನು ಕಂಡು ಬೆರಗಾಗಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದ ಆ ಹೆಸರು ಜಗತ್ತಿಗೆಲ್ಲ ಹಬ್ಬಿತು. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಕುಳಿತೇ ಇದೆ! ಇರಲಿ. ಹೆಸರಿನ ಕೀರ್ತಿ ಯಾರದಾದರೂ ಆಗಲಿ, ಈ ಕಲ್ಲಿನ ಗುಣ ಗೊತ್ತಿರಬೇಕಾದವರು ಅದರೊಳಗೆ ವಾಸಿಸುವವರು. ಅದರ ಮೈಯೆಲ್ಲ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ; ಬೇಸಿಗೆಯಲ್ಲಿ ಕುಡಿದದ್ದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಅಂಥ ಗೋಡೆಗೆ ಉಸಿರಾಡಲು ಬಿಡುವಂಥ ಬಟ್ಟೆಯನ್ನೇ ತೊಡಿಸಬೇಕು.

ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷಗಳ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಗೊತ್ತಿರಲಿಲ್ಲ! ನಿವೃತ್ತಿಯಾದ ಮೇಲೆ ಮನೆಯನ್ನು ದುರಸ್ತಿ ಮಾಡಿಸಹೊರಟಾಗ ಒಬ್ಬ ಗುತ್ತಿಗೆದಾರರನ್ನು ಹಿಡಿದೆ. ಹಳೆಯ ಗಿಲಾವನ್ನೆಲ್ಲ ಕೆತ್ತಿ ತೆಗೆದು ಪಡಸಾಲೆಗೆ ಸಿಮೆಂಟು ಬಳಿದರು. ಏನು ನುಣುಪು, ಏನು ಮಟ್ಟ! ನೆಂಟರೆಲ್ಲ ಕೈಯಾಡಿಸಿ ಮೆಚ್ಚಿದರು. ಮೊದಲನೆಯ ಮಳೆಗಾಲ ಕಳೆಯಿತು. ಮೊಳಕಾಲೆತ್ತರಕ್ಕೆ ಕಪ್ಪು ಕಲೆ ಬಂದಿತು. ಬಣ್ಣ ಹಚ್ಚಿಸಿದೆವು. ಎರಡನೆಯ ಮಳೆಗಾಲ ಕಳೆಯಿತು. ಗೋಡೆ ಹೊಟ್ಟೆ ಬಿಟ್ಟಿತು. ಬೆರಳಿನಿಂದ ತಟ್ಟಿದರೆ ಖಾಲಿ ಕೊಡದ ಹಾಗೆ ಸದ್ದು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಾಗಿಲಗಲದ ಒಂದು ಪದರ ದೊಪ್ಪನೆ ಕಳಚಿ ನೆಲಕ್ಕೆ ಬಿದ್ದಿತು. ಅದರ ಹಿಂದೆ ಕಲ್ಲಿನ ಸಂದಿಯ ಮಣ್ಣು ಹಿಟ್ಟಿನ ಹಾಗೆ ಸಡಿಲಾಗಿ ನಿಂತಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು.

ಗುತ್ತಿಗೆದಾರರನ್ನು ಬಯ್ಯುವುದು ಸುಲಭ. ಅವರು ತಮಗೆ ಗೊತ್ತಿದ್ದುದನ್ನು ಮಾಡಿದರು. ನಾನು ಕೇಳಿದ್ದೂ ಅದನ್ನೇ. ನೆಲದಿಂದ ಏರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದಿತು. ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲಿಯೆ ಕುಳಿತು ಮಣ್ಣನ್ನು ಸಡಿಲಿಸಿತು. ಒಳಗಿನ ಉಪ್ಪುಗಳು ಹೊಮ್ಮಿ ಪದರವನ್ನು ತಳ್ಳಿದವು. ಮೆತ್ತಗಿನ ಗೋಡೆ ಬಿಸಿಲು ಮಳೆಗೆ ಒಂದು ರೀತಿ ಹಿಗ್ಗಿ ಕುಗ್ಗಿದರೆ ಬಿರುಸಾದ ಸಿಮೆಂಟು ಇನ್ನೊಂದು ರೀತಿ. ಎರಡಕ್ಕೂ ಸಂಸಾರ ಸಾಗಲಿಲ್ಲ. ಇದನ್ನೆಲ್ಲ ತಿಳಿಯಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ನನ್ನ ಗೋಡೆ ಯಾವುದರಿಂದ ಆಗಿದೆ ಎಂದು ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಕೇಳಿಕೊಳ್ಳಲಿಲ್ಲ, ಏಕೆಂದರೆ ಗೋಡೆ ಗೌಂಡಿಯ ವಿಷಯ, ನನ್ನ ವಿಷಯ ಅದರ ಬಣ್ಣ ಎಂದು ನಂಬಿದ್ದೆ.

ಆಗ ಊರಿನಲ್ಲಿ ಒಬ್ಬ ಮುದುಕ ಗೌಂಡಿ ಸಿಕ್ಕ. ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು, ಮಂಡಿ ನೋವು. ಬಂದು ಗೋಡೆಯ ಮುಂದೆ ಕುಳಿತು ಬಹಳ ಹೊತ್ತು ನೋಡಿ, ಬಿದ್ದ ಸಿಮೆಂಟಿನ ತುಂಡೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. “ಗ್ವಾಡಿಗೆ ರೇನಕೋಟ ಹಾಕಿಸೀರಿ ಮಾಸ್ತರ. ಬೆವರು ಎಲ್ಲಿಗೆ ಹೋಗಬೇಕ್ರಿ?” ಎಂದ. ನಾನು ಕಲಿಸಿದ ಇಡೀ ಪಾಠಪುಸ್ತಕದಲ್ಲಿ ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಸಂಗತಿ ಇರಲಿಲ್ಲ. ಅವನೇ ಮಾಡಿಕೊಡಲೆಂದು ಕೇಳಿದೆ. ಮಂಡಿ ತೋರಿಸಿದ. ಬೇರೆಯವರನ್ನು ಹೇಳೆಂದೆ, ಸುಣ್ಣದ ಕೆಲಸ ಬಲ್ಲವರು ಈಗ ಯಾರೂ ಇಲ್ಲ, ಹುಡುಗರೆಲ್ಲ ಸಿಮೆಂಟಿನವರು, ಬೆಳಗಾವಿಯ ಮತ್ತು ಗೋವಾದ ಕೆಲಸಕ್ಕೆ ಹೋಗಿದ್ದಾರೆ ಎಂದ. ಹಾಗಾದರೆ ನನಗೇ ಕಲಿಸು ಕಾಕಾ ಎಂದೆ. ನಕ್ಕ. ಮರುದಿನ ಬೆಳಿಗ್ಗೆ ಏಳಕ್ಕೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ.

ಹೀಗೆ ಅರವತ್ತು ದಾಟಿದ ಮೇಲೆ ನಾನು ಮತ್ತೆ ಶಾಲೆಗೆ ಸೇರಿದೆ.

ಸುಣ್ಣದ ಪಾಠವೇ ಮೊದಲನೆಯದು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯು ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ; ಅದಕ್ಕೆ ನೀರು ಕೂಡಿದರೆ ಕುದಿದು ಅರಳುತ್ತದೆ; ಅರಳಿದ ಸುಣ್ಣವನ್ನು ಗೋಡೆಗೆ ಹಚ್ಚಿದರೆ ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೆ ಬಂದು ಸೇರುವ ಈ ಚಕ್ರವನ್ನು ಮೂರು ಸಮೀಕರಣಗಳಲ್ಲಿ ಕರಿಹಲಗೆಯ ಮೇಲೆ ಎಷ್ಟು ಸಾವಿರ ಮಕ್ಕಳಿಗೆ ಬರೆದು ತೋರಿಸಿದ್ದೇನೋ! ಪರೀಕ್ಷೆಯಲ್ಲಿ ಅದಕ್ಕೆ ಗುಣವನ್ನೂ ಕೊಟ್ಟಿದ್ದೇನೆ. ಆದರೆ ಹೆಡಿಗೆ ಸುಣ್ಣದ ಹರಳು ನೀರಿಗೆ ಬಿದ್ದಾಗ ಹೇಗೆ ಭುಸುಗುಡುತ್ತದೆ, ಆವಿ ಹೇಗೆ ಮುಖಕ್ಕೆ ಬಡಿಯುತ್ತದೆ ಎಂಬುದನ್ನು ನಾನು ಮೊದಲ ಸಲ ಕಂಡದ್ದು ಆ ಮುದುಕನ ಎದುರಿನಲ್ಲಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು ಎಂದು ಅವನು ಎರಡು ಸಲ ಹೇಳಿದ. ನಾನು ಪಾಠದಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಅರಳಿದ ಸುಣ್ಣವನ್ನು ಕುಳಿಯಲ್ಲಿ ನೀರಿನ ಅಡಿಯಲ್ಲಿ ಬೆಣ್ಣೆಯಾಗುವತನಕ ಇಡಬೇಕು. ನಾವು ಮೂರು ವಾರ ಇಟ್ಟೆವು. ಹೆಚ್ಚು ಇಟ್ಟಷ್ಟೂ ಒಳ್ಳೆಯದು. ಪ್ರಾಚೀನ ರೋಮಿನಲ್ಲಿ ಮೂರು ವರ್ಷಕ್ಕಿಂತ ಎಳೆಯ ಸುಣ್ಣವನ್ನು ಗುತ್ತಿಗೆದಾರನು ಬಳಸಕೂಡದೆಂಬ ನಿಯಮವಿತ್ತೆಂದು ಪ್ಲಿನಿ ಬರೆದಿದ್ದಾನೆ. ಮೂರು ವರ್ಷ! ನಮಗೆ ಮೂರು ತಾಸಿನಲ್ಲಿ ಬಿಗಿಯುವ ವಸ್ತು ಬೇಕು, ಮೂರು ತಿಂಗಳಲ್ಲಿ ಗೃಹಪ್ರವೇಶವಾಗಬೇಕು. ಹಿಂದೆ ನಮ್ಮ ಕಡೆ ದೊಡ್ಡ ಕೆಲಸವಿದ್ದಲ್ಲಿ ಸುಣ್ಣ ಮರಳನ್ನು ಎತ್ತಿನ ಗಾಣಕ್ಕೆ ಹಾಕಿ ಅರೆಯುತ್ತಿದ್ದರು. ಇಟ್ಟಿಗೆಯ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಕೂಡಿಸುತ್ತಿದ್ದರು. ನಮಗೆ ಗಾಣವಿಲ್ಲ, ಎತ್ತಿಲ್ಲ. ಸಲಿಕೆಯಿಂದ ಕಲೆಸಿ, ಒನಕೆಯಿಂದ ಕುಟ್ಟಿ ಕೆಲಸ ಸಾಗಿಸಿದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸಾಣಿಸಿದ ಮರಳು. ಮರಳಿನ ಇಂದಿನ ಬೆಲೆಯ ಮಾತನ್ನು ಎತ್ತುವುದಿಲ್ಲ. ಎತ್ತಿದರೆ ಈ ಲೇಖನ ಬೇರೆ ದಾರಿ ಹಿಡಿದೀತು.

ಆಮೇಲೆ ಕೈಯ ಪಾಠ. ಅವನು ಕರಣೆಗೆ ಥಾಪಿ ಎನ್ನುತ್ತಿದ್ದ. ನಾನು ಅದನ್ನು ಹಿಡಿದ ರೀತಿಯನ್ನು ನೋಡಿ, “ಖಡೂ ಹಿಡಿದಂಗ ಹಿಡಿಬ್ಯಾಡ್ರಿ” ಎಂದ. ಸಂದಿಗಳನ್ನು ಕೆದರಿ ಸಡಿಲು ಮಣ್ಣನ್ನು ತೆಗೆದು ಗುಡಿಸಿದೆ. ಗಿಲಾವಿನ ಮುದ್ದೆಯನ್ನೊಯ್ದು ಗೋಡೆಗೆ ಮೆತ್ತಿದೆ. ಎರಡು ಕ್ಷಣ ನಿಂತು ಪೂರಾ ಕೆಳಗಿಳಿಯಿತು. ಮತ್ತೆ ಮೆತ್ತಿದೆ, ಮತ್ತೆ ಇಳಿಯಿತು. “ಗ್ವಾಡಿಗೆ ಮೊದಲ ನೀರ ಕುಡಸ್ರಿ. ನೀರಡಿಸಿದ ಗ್ವಾಡಿ ಗಿಲಾವಿನ ನೀರ ಕುಡದ ಬಿಡತೈತಿ” ಎಂದ. ನೀರು ಚಿಮುಕಿಸಿದೆ. ಆದರೂ ನಿಲ್ಲದು. ಮೆತ್ತುವುದಲ್ಲ, ಮಣಿಕಟ್ಟಿನಿಂದ ಎಸೆಯಬೇಕು. ಆಗಲೇ ಕಲ್ಲಿನ ತೂತುಗಳೊಳಗೆ ಹೋಗಿ ಕಚ್ಚುತ್ತದೆ. “ಹುಡುಗೂರಿಗೆ ಹೊಡೀತಿದ್ರಿ ಅಲ್ಲೇನ್ರಿ ಶಾಳ್ಯಾಗ? ಹಂಗ ಹೊಡೀರಿ” ಎಂದ ಆ ಮಹಾನುಭಾವ. ನಾಚಿಕೆಯಾಯಿತು, ಎಸೆತ ಮಾತ್ರ ಕೂಡಲೆ ಸರಿಯಾಯಿತು.

ಒಂದು ಗೋಡೆಗೆ ನನಗೆ ಐದು ದಿನ ಹಿಡಿಯಿತು. ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ದಪ್ಪ ಹಾಕಬಾರದು. ಮೊದಲ ಪದರವನ್ನು ಗೀರಿ ಬಿಟ್ಟು, ಒದ್ದೆಯ ಗೋಣಿತಟ್ಟು ಕಟ್ಟಿ ವಾರವಿಡೀ ತಂಪಾಗಿಟ್ಟು, ಆಮೇಲೆ ಎರಡನೆಯದು. ನೇರ ಬಿಸಿಲು ಬಿದ್ದರೆ ಕೂದಲಿನಂಥ ಬಿರುಕು. ಎರಡನೆಯ ಗೋಡೆ ಮೊದಲಿನದಕ್ಕಿಂತ ಚೆನ್ನಾಯಿತು. ಮೊದಲನೆಯದು ಇಂದಿಗೂ ದೀಪದ ಬೆಳಕು ಪಕ್ಕದಿಂದ ಬಿದ್ದರೆ ಅಲೆಯಲೆಯಾಗಿ ಕಾಣುತ್ತದೆ. ಆಳೆತ್ತರಕ್ಕಿಂತ ಮೇಲಿನದನ್ನು ನಾನು ಮುಟ್ಟಲಿಲ್ಲ. ಮಾಡಿನ ತೊಲೆ, ವಿದ್ಯುತ್ತಿನ ತಂತಿಗಳ ತಂಟೆಗೂ ಹೋಗಲಿಲ್ಲ. ಕಲಿಯಬೇಕೆಂದರೆ ಎಲ್ಲವನ್ನೂ ಮಾಡಿ ಕೈಕಾಲು ಮುರಿದುಕೊಳ್ಳಬೇಕೆಂದು ಅರ್ಥವಲ್ಲ.

ಈಗ ಎಂಜಿನಿಯರ ಮಿತ್ರರಿಗೆ. 2019ರ ಆಗಸ್ಟಿನ ನೆರೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು, ಬಿದ್ದವುಗಳಲ್ಲಿ ಮಣ್ಣಿನವೇ ಬಹಳ, ಇನ್ನೂ ನಿಮಗೆ ಬುದ್ಧಿ ಬರಲಿಲ್ಲವೇ ಎಂದು ಅವರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು, ಅದನ್ನು ಹಾರಿಸಿಬಿಡುವುದಿಲ್ಲ. ಹೊಳೆಯ ನೀರು ಎದೆಯುದ್ದ ಬಂದು ನಿಂತರೆ ಮಣ್ಣಿನ ಗೋಡೆ ಹೋಗುತ್ತದೆ. ಸುಣ್ಣವಾಗಲಿ ನನ್ನ ಕರಣೆಯಾಗಲಿ ಅದನ್ನು ಹಿಡಿದು ನಿಲ್ಲಿಸಲಾರದು. ನೆರೆಯ ಬಯಲಿನಲ್ಲಿರುವವನಿಗೆ ಮಣ್ಣಿನ ಮನೆಯಲ್ಲೇ ಇರಪ್ಪಾ ಎಂದು ಉಪದೇಶಿಸುವ ಕಠೋರತನ ನನಗಿಲ್ಲ. ಆದರೆ ಗುಂಜಿಯ ನನ್ನ ಮನೆ ಹೊಳೆಯ ಬಯಲಿನಲ್ಲಿಲ್ಲ. ಅದಕ್ಕೆ ಬಂದ ಕುತ್ತು ಮೇಲಿನ ನೆರೆಯಿಂದ ಬಂದದ್ದಲ್ಲ, ಒಳಗೆ ಕಟ್ಟಿಹಾಕಿದ ತೇವದಿಂದ ಬಂದದ್ದು, ಕಟ್ಟಿಹಾಕಿದವರು ನಾವು. ಹಂಚು ಒಡೆದಾಗ ಹೊಸತು ಹೊದಿಸದೆ, ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುವಂತೆ ಬಿಟ್ಟು, ಬುಡಕ್ಕೆ ಸಿಮೆಂಟಿನ ಪಟ್ಟಿ ಬಳಿದು, ಕೊನೆಗೆ ಗೋಡೆ ಕುಳಿತಾಗ ಮಣ್ಣಿನ ಜಾತಿಯೇ ಹೀಗೆ ಎನ್ನುವುದು ಯಾವ ನ್ಯಾಯ? ಊಟ ಹಾಕದೆ ಮಲಗಿಸಿದ ಮನುಷ್ಯನನ್ನು ಅಶಕ್ತನೆಂದು ಜರೆದ ಹಾಗೆ.

ಗಟ್ಟಿತನದ ಮಾತೇ ಆದರೆ ಅವರು ವಿಜಾಪುರದ ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಪಿಸುಮಾತಿನ ಚಮತ್ಕಾರ ತೋರಿಸಿದ್ದಾರೆ, ಅದು 1656ರದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟು ಪಡೆದದ್ದು 1824ರಲ್ಲಿ. ಹಿಂದುಸ್ಥಾನದಲ್ಲಿ ಪೋರಬಂದರದ ಕಾರಖಾನೆ ಸಿಮೆಂಟು ಮಾಡಲಾರಂಭಿಸಿದ್ದು 1914ರಲ್ಲಿ. ಅಷ್ಟು ದೊಡ್ಡ ಗುಮ್ಮಟ ಯಾವುದರ ಮೇಲೆ ನಿಂತಿದೆ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ. ಹಂಪೆಯ ಗೋಪುರಗಳ ಮೇಲಿನ ಗಾರೆಯ ಬೊಂಬೆಗಳು ನೂರಾರು ಮಳೆಗಾಲ ಕಂಡಿವೆ. ಸಿಮೆಂಟನ್ನು ನಾನು ಶಪಿಸುವುದಿಲ್ಲ. ಸೇತುವೆಗೆ, ಅಣೆಕಟ್ಟಿಗೆ, ನಾಲ್ಕು ಮಹಡಿಗೆ ಅದು ಬೇಕೇ ಬೇಕು. ಕೊಡೆ ಒಳ್ಳೆಯದೆಂದು ಹಾಸಿಗೆಯಲ್ಲಿಯೂ ಬಿಚ್ಚಿಕೊಂಡು ಮಲಗಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ. ಇದು ಹಳ್ಳಿಯವನ ಹಟವೆಂದು ತೋರಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ಕೇಳಬಹುದು: 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಹೆಸರಿನ ಕೇಂದ್ರ ತೆರೆದು, ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದ ವಿದ್ವಾಂಸರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದವನೇ ಆಗಿಹೋದ ಲಾರಿ ಬೇಕರ್ ಸುಣ್ಣ, ಸುರ್ಕಿ, ಮಣ್ಣುಗಳಿಂದ ಮನೆ ಕಟ್ಟುತ್ತ 2007ರ ತನಕ ಬದುಕಿದ್ದರು. ನಾವು ಮಾತ್ರ ನಮ್ಮ ಅಜ್ಜನ ಗೋಡೆಯ ಮುಂದೆ ಮೂಗು ಮುರಿಯುತ್ತೇವೆ. ಖಾನಾಪುರದಲ್ಲಿಯೆ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆ ಇದೆ. ನಮ್ಮ ತಾಲೂಕಿನ ಮಣ್ಣಿನ ಗುಣವನ್ನು ಕಲಿಸುವ ವಿದ್ಯಾಲಯ. ಅದೇ ತಾಲೂಕಿನಲ್ಲಿ ಹುಟ್ಟಿದ ನನಗೆ ನನ್ನ ಗೋಡೆಯೊಳಗಿನ ಮಣ್ಣಿನ ಪರಿಚಯವಿರಲಿಲ್ಲ.

ಪೆನ್ಶನ್ ಸಾಲದೇ ಎಂದವರಿಗೆ ಉತ್ತರವಿಲ್ಲ. ಸಾಲುತ್ತದೆ.

ಕೂಲಿಯವನ ಅನ್ನ ಕಸಿಯಬೇಡಿ ಎಂದವರ ಮಾತು ತೂಕದ್ದು. ಅದನ್ನು ನಾನು ಅನೇಕ ರಾತ್ರಿ ಹೊರಳಾಡಿಸಿದ್ದೇನೆ. ಊರಲ್ಲಿ ಆ ಕೆಲಸ ಬಲ್ಲವನು ಸಿಕ್ಕಿದ್ದರೆ ನಾನು ಕರಣೆ ಮುಟ್ಟುತ್ತಿರಲಿಲ್ಲವೇನೋ. ಆದರೆ ಬಲ್ಲವನು ಏಕೆ ಸಿಗಲಿಲ್ಲ? ಸುಣ್ಣದ ಗೌಂಡಿಯ ಅನ್ನವನ್ನು ಕಸಿದವನು ನಾನಲ್ಲ. ಅವನ ವಿದ್ಯೆಗೆ ಬೆಲೆಯಿಲ್ಲವೆಂದು ಅವನ ಮಕ್ಕಳ ಕೈಗೆ ಸಿಮೆಂಟಿನ ಬುಟ್ಟಿ ಕೊಟ್ಟ ನಮ್ಮ ಮನೆಮನೆಯ ದುರಸ್ತಿಗಳು. ಇನ್ನು ಅನ್ನದ ಮಾತನ್ನಾಡಿದ ಮಿತ್ರರು ತಮ್ಮ ಮನೆ ಕಟ್ಟಿಸುವಾಗ ಶನಿವಾರದ ಬಟವಡೆಯ ಹೊತ್ತಿಗೆ ಗೌಂಡಿಯೊಡನೆ ಚೌಕಾಶಿ ಮಾಡಿದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೇನೆ. “ಏನು ಮಹಾ ಕೆಲಸ, ಕೆಸರು ಬಳಿಯುವುದು” ಎಂದಿದ್ದರು. ನಾನೂ ಹೂಗುಟ್ಟಿದ್ದೆ. ಐದು ದಿನ ಗೋಡೆಯ ಮುಂದೆ ನಿಂತು, ರಾತ್ರಿ ತೋಳು ಎತ್ತಲಾರದೆ ಮನೆಯಾಕೆಯಿಂದ ಎಣ್ಣೆ ತಿಕ್ಕಿಸಿಕೊಂಡ ಮೇಲೆ ಆ ಮಾತು ನನ್ನ ಬಾಯಿಂದ ಬರಲಾರದು. ಈಗ ನಮ್ಮ ಮನೆಯ ಮೇಲಿನ ಅರ್ಧ ಗೋಡೆಗೆ ಆಳು ಬಂದಾಗ ಅವನು ಕೇಳಿದ್ದನ್ನು ಕೊಡುತ್ತೇನೆ. ಮೋಸದ ಕೆಲಸ ಮಾಡಿದರೆ ಮಾತ್ರ ಮುಲಾಜಿಲ್ಲದೆ ತೋರಿಸುತ್ತೇನೆ, ಏಕೆಂದರೆ ಈಗ ಕಣ್ಣಿಗೆ ಕಾಣುತ್ತದೆ. ಮುದುಕನಿಗೆ ದಿನಗೂಲಿ ಕೊಡಹೋದಾಗ ಮೊದಲು ಬೇಡವೆಂದ. ಕಲಿಸಿದವನಿಗೆ ಕೊಡುವುದು ಕೂಲಿಯಲ್ಲ ಕಾಕಾ, ಫೀ. ನಾನೂ ಪಗಾರ ತೆಗೆದುಕೊಂಡೇ ಕಲಿಸಿದವನು ಎಂದ ಮೇಲೆ ಎಣಿಸಿ ಕಿಸೆಗೆ ಹಾಕಿಕೊಂಡ.

ಈ ಜಿಲ್ಲೆಯವರಿಗೆ ಇನ್ನೊಂದನ್ನು ನೆನಪು ಮಾಡಿಕೊಡಬೇಕು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಬೆಳಗಾವಿಯಲ್ಲಿ ನೆರೆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ನೂರನೆಯ ವರ್ಷವನ್ನೂ 2024ರಲ್ಲಿ ಆಚರಿಸಿದೆವು. ಆ ಅಧಿವೇಶನ ಒಪ್ಪಿದ ನಿಯಮದಂತೆ ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ನಾಲ್ಕಾಣೆಯ ವಂತಿಗೆಯ ಬದಲು ತಿಂಗಳಿಗೆ 2,000 ಗಜ ನೂಲನ್ನು ತಾನೇ ನೂತು ಕೊಡಬೇಕಾಗಿತ್ತು. ನ್ಯಾಯವಾದಿಯಾಗಲಿ ಜಹಗೀರದಾರನಾಗಲಿ ವಿನಾಯಿತಿಯಿಲ್ಲ. ಆದರೆ ಅದೇ ನಿಯಮದಲ್ಲಿ ಒಂದು ಚಿಕ್ಕ ಕಿಂಡಿಯೂ ಇತ್ತು: ರೋಗದಿಂದಲೋ ಇಷ್ಟವಿಲ್ಲದ್ದರಿಂದಲೋ ನೂಲಲಾರದವನು ಬೇರೆಯವರು ನೂತ ನೂಲನ್ನು ತಂದುಕೊಡಬಹುದು. ನಮ್ಮ ಜನ ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡರು. ವರ್ಷ ತುಂಬುವುದರೊಳಗೆ ನಿಯಮವನ್ನೇ ಸಡಿಲಿಸಬೇಕಾಯಿತು. ನೂಲಿನ ಕಥೆ ಮುಗಿದದ್ದು ಹೀಗೆ. ನನ್ನ ಪೀಳಿಗೆಯವರು ಶಾಲೆಯಲ್ಲಿ ತಕಲಿ ತಿರುಗಿಸಿದ್ದೇವೆ. ಮನೆಗೆ ಹೋಗುವಾಗ ಅದನ್ನು ಶಾಲೆಯಲ್ಲೇ ಬಿಟ್ಟು ಹೋಗುತ್ತಿದ್ದೆವು. ಕಾಯಕದ ಮೇಲೆ ಭಾಷಣ ಮಾಡುವವರ ಸಭೆಗಳಲ್ಲಿ ಹಾರ ಹಾಕಿಸಿಕೊಂಡದ್ದೂ ಉಂಟು. ನುಡಿಯಲ್ಲಿ ನಮ್ಮಷ್ಟು ದುಡಿಮೆಯನ್ನು ಪೂಜಿಸಿದವರಿಲ್ಲ. ಕೈಗೆ ಸುಣ್ಣ ಹತ್ತಿದರೆ ಡಾಕ್ಟರನ್ನು ಕರೆಯುತ್ತೇವೆ.

ಕೊನೆಗೆ, ಮರುಕದಿಂದ ನೋಡಿದ ಆ ನಾಲ್ಕನೆಯವರು. ಗಂಡಸು, ಓದಿದವನು, ಈ ವಯಸ್ಸಿನಲ್ಲಿ ಇಂಥ ಹೊಲಸು ಕೆಲಸಕ್ಕೆ ಇಳಿದನಲ್ಲ ಎಂಬ ಮರುಕ ಅದು. ಅವರಿಗೆ ಒಂದೇ ಸಂಗತಿ ಹೇಳಬೇಕಾಗಿದೆ.

ಪಡಸಾಲೆಯ ಹಳೆಯ ಗಿಲಾವನ್ನು ಕೆತ್ತಿ ತೆಗೆದಾಗ ಒಂದು ಗೋಡೆಗಪಾಟಿನ ಹಿಂದಿನ ಭಾಗ ಉಳಿದುಹೋಗಿತ್ತು. ಸಿಮೆಂಟಿನ ಪದರ ಬಿದ್ದ ಮೇಲೆ ಆ ಕಪಾಟನ್ನು ಕಿತ್ತೆವು. ಅದರ ಹಿಂದೆ ಎರಡು ಮೊಳದಷ್ಟು ಹಳೆಯ ಮಣ್ಣಿನ ಗಿಲಾವು, ಭತ್ತದ ಹೊಟ್ಟು ಬೆರೆಸಿದ್ದು, ಒಂದು ಬಿರುಕಿಲ್ಲದೆ ಕುಳಿತಿತ್ತು. ಅದರ ಮೇಲೆ ಬೆರಳುಗಳ ಗುರುತು. ನಾಲ್ಕು ಬೆರಳು, ಬಿಲ್ಲಿನ ಹಾಗೆ ಬಾಗಿ, ಒಂದರ ಪಕ್ಕಕ್ಕೊಂದು ಸಾಲಾಗಿ. ಚಿಕ್ಕ ಕೈ. ನಮ್ಮ ಅವ್ವನದೋ ಅಜ್ಜಿಯದೋ ಹೇಳಲು ಬಾರದು. ಮುದುಕ ಗೌಂಡಿ ಅದನ್ನು ಕಂಡು, ಇದು ಗೌಂಡಿಯ ಕೆಲಸವಲ್ಲ, ಮನೆಯ ಹೆಣ್ಣುಮಕ್ಕಳದು ಎಂದ. ಕಲ್ಲು ಕಟ್ಟಿ ಮಾಡು ಏರಿಸುವುದಷ್ಟೇ ಗೌಂಡಿ ಬಡಿಗರದು. ಒಳಗಿನ ಗೋಡೆಗೆ ಮಣ್ಣು ಮೆತ್ತುವುದು, ನೆಲ ಬಡಿಯುವುದು, ಸಾರಿಸುವುದು ಹೆಂಗಸರದೇ ಆಗಿತ್ತಂತೆ.

ಆಗ ನೆನಪಾಯಿತು. ಮಳೆ ನಿಂತು ದೀಪಾವಳಿ ಬರುವ ಮೊದಲು ಅವ್ವ ಸೀರೆಯ ಸೆರಗು ಸಿಕ್ಕಿಸಿ ಕೆಮ್ಮಣ್ಣು, ಹೆಂಡಿ ಕಲೆಸಿ ಗೋಡೆಯ ಬುಡದಿಂದ ಆರಂಭಿಸುತ್ತಿದ್ದಳು. ಮಳೆಗೆ ಸವೆದದ್ದನ್ನು ವರ್ಷವರ್ಷವೂ ತುಂಬುತ್ತಿದ್ದಳು. ಮಧ್ಯಾಹ್ನ ನಮಗೆ ಊಟಕ್ಕೆ ಬಡಿಸಿ ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಅಪ್ಪ ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ. ಅದನ್ನು ಯಾರೂ ವಿದ್ಯೆ ಎನ್ನಲಿಲ್ಲ, ಕೂಲಿ ಎನ್ನಲಿಲ್ಲ, ಯಾರೂ ಮರುಕಪಡಲೂ ಇಲ್ಲ. ಅವ್ವನ ಕೈಲಾಗದೆ ಹೋದ ವರ್ಷದಿಂದಲೇ ಮನೆ ಇಳಿಯಲಾರಂಭಿಸಿತು ಎಂಬುದು ನನಗೆ ಈಗ ತಿಳಿಯುತ್ತದೆ. ಅಂದು ಮನೆಗೆ ವಯಸ್ಸಾಯಿತು ಎಂದುಕೊಂಡಿದ್ದೆವು. ಮಗ ಐದು ದಿನ ಕರಣೆ ಹಿಡಿದರೆ ಬೆಳಗಾವಿಯಲ್ಲಿ ಚರ್ಚೆ, ಪತ್ರಿಕೆಯಲ್ಲಿ ಲೇಖನ. ಐವತ್ತು ವರ್ಷ ಗೋಡೆ ಕಾಯ್ದವಳ ಲೆಕ್ಕ ಎಲ್ಲಿಯೂ ಇಲ್ಲ. ಈ ಲೇಖನ ಬರೆಯುವಾಗಲೇ ಅದು ನನಗೆ ಹೊಳೆದದ್ದೆಂದು ಒಪ್ಪಿಕೊಳ್ಳುತ್ತೇನೆ. ಕಪಾಟಿನ ಆಚೆಗಿನ ಗೋಡೆಯಲ್ಲಿದ್ದ ಬೆರಳುಗಳನ್ನೆಲ್ಲ ಹಣ ಕೊಟ್ಟು ಕೆತ್ತಿಸಿ ತಿಪ್ಪೆಗೆ ಹಾಕಿಸಿದವನೂ ನಾನೇ.

ಆ ಎರಡು ಮೊಳವನ್ನು ಹಾಗೆಯೆ ಬಿಟ್ಟು ಸುತ್ತಲೂ ನನ್ನ ಸುಣ್ಣದ ಗಿಲಾವನ್ನು ತಂದು ಕೂಡಿಸಿದ್ದೇನೆ. ಕೂಡಿಸಿದ ಅಂಚು ನೇರವಾಗಿಲ್ಲ. ಕಪಾಟನ್ನು ಮತ್ತೆ ಅಲ್ಲಿಗೆ ಇಡುವುದಿಲ್ಲವೆಂದು ಮನೆಯಾಕೆ ಹೇಳಿದ್ದಾಳೆ.

ನನ್ನ ತಮ್ಮನಿಗೆ ಈ ಮನೆಯಲ್ಲಿ ಪಾಲಿದೆ. ಕೆಡವಿ ಜಾಗ ಮಾರುವುದೇ ಲೇಸೆಂದು ಅವನ ಅಭಿಪ್ರಾಯ. ಮಳೆಗಾಲ ಮುಗಿದ ಮೇಲೆ ನಿಶ್ಚಯಿಸೋಣ ಎಂದು ಬರೆದಿದ್ದಾನೆ. ಪಡುವಣ ದಿಕ್ಕಿನ ಗೋಡೆ ಇನ್ನೂ ಉಳಿದಿದೆ, ಮಳೆಯ ಏಟು ಹೆಚ್ಚು ತಿನ್ನುವುದು ಅದೇ. ಎರಡು ಹೆಡಿಗೆ ಸುಣ್ಣ ಕುಳಿಯಲ್ಲಿ ನೆನೆಯುತ್ತಿದೆ. ಈ ಸಲ ಮೂರು ವಾರವಲ್ಲ, ಇಡೀ ಮಳೆಗಾಲ ನೆನೆಯಲಿ ಎಂದು ಮುದುಕ ಹೇಳಿದ್ದಾನೆ. ಟಿಳಕವಾಡಿಯ ಮಿತ್ರರು ದೀಪಾವಳಿಯ ಮೊದಲ ವಾರ ಪ್ಯಾಸೆಂಜರ್ ಗಾಡಿ ಹಿಡಿದು ಗುಂಜಿಗೆ ಬರಬಹುದು. ಮನೆಯಲ್ಲಿ ಕರಣೆಗಳು ಮೂರಿವೆ. ಹಳೆಯ ಧೋತರ ತರಲಿ.